ನೀರಿಗೆ ಹೆದರಿದ ನೀರುನಾಯಿ

ಮಕ್ಕಳೇ, ಕಾಡಿನ ನಡುವೆ ಒಂದು ದೊಡ್ಡ ಕೆರೆ. ಅದರ ದಡದಲ್ಲಿ ಒಂದು ಹಳೆಯ ಹೊಂಗೆಮರ. ಆ ಮರದ ಪೊಟರೆಯಲ್ಲಿ ಕೆರೆಯ ಪ್ರಾಣಿಗಳೆಲ್ಲ ದಿನವೂ ತಮ್ಮ ಊಟದ ಒಂದು ಪಾಲನ್ನು ತೆಗೆದಿಡುತ್ತಿದ್ದವು. ಮಿಂಚುಳ್ಳಿ ಮೀನು ತಂದರೆ, ಮುಳ್ಳುಹಂದಿ ಗೆಡ್ಡೆ ತರುತ್ತಿತ್ತು. ಕಷ್ಟದಲ್ಲಿರುವವರು ಯಾರಾದರೂ ಬಂದು ತಿನ್ನಬಹುದಿತ್ತು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಚೆನ್ನಜ್ಜಿ ಎಂಬ ಮುದಿ ಆಮೆ.

ಒಂದು ಮಳೆಗಾಲದಲ್ಲಿ ಪಕ್ಕದ ಹೊಳೆ ಉಕ್ಕಿ ಹರಿಯಿತು. ಹೊಳೆದಂಡೆಯಲ್ಲಿದ್ದ ಮುರುಗ ಎಂಬ ನೀರುನಾಯಿಯ ಬಿಲ ಕೊಚ್ಚಿಹೋಯಿತು. ಮುರುಗನನ್ನೂ ನೀರು ಎಳೆದೊಯ್ದು ಬಂಡೆಗಳಿಗೆ ಬಡಿಯಿತು. ಹೇಗೋ ಬದುಕಿಕೊಂಡ ಅವನು ಕುಂಟುತ್ತ ಈ ಕೆರೆಗೆ ಬಂದ. ಗಾಯವೇನೋ ಮಾಯಿತು. ಆದರೆ ನೀರು ಕಂಡರೆ ಸಾಕು, ಕಾಲು ನಡುಗುತ್ತಿತ್ತು.

ನೀರುನಾಯಿಗೆ ನೀರಿನ ಭಯ ಎಂದರೆ ಎಲ್ಲರೂ ನಗುತ್ತಾರೆ ಎಂದು ಅವನಿಗೆ ನಾಚಿಕೆ. ಇನ್ನೊಬ್ಬರು ಕೊಟ್ಟದ್ದನ್ನು ತಿನ್ನಲು ಅದಕ್ಕಿಂತ ಹೆಚ್ಚು ನಾಚಿಕೆ. ಮಿಂಚುಳ್ಳಿ ಒಂದು ಮೀನು ತಂದು ಮುಂದಿಟ್ಟಾಗ, ತಾನು ವ್ರತ ಹಿಡಿದಿದ್ದೇನೆ, ಮೀನು ಮುಟ್ಟುವುದಿಲ್ಲ ಎಂದುಬಿಟ್ಟ. ಬಾಯಲ್ಲಿ ಊರುತ್ತಿದ್ದ ನೀರು ಕಾಣದಿರಲೆಂದು ಮುಖ ಆಚೆ ತಿರುಗಿಸಿಕೊಂಡ.

ವ್ರತವೇನೋ ಸರಿ, ಹೊಟ್ಟೆ ಕೇಳಬೇಕಲ್ಲ? ಹಸಿವು ತಾಳಲಾರದೆ ಅತ್ತಿಮರದ ಕೆಳಗೆ ಉದುರಿದ್ದ ಎಳೆಗಾಯಿಗಳನ್ನೆಲ್ಲ ಗಬಗಬ ತಿಂದ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಹೊರಳಾಡತೊಡಗಿದ. ಚೆನ್ನಜ್ಜಿ ನಿಧಾನವಾಗಿ ಹತ್ತಿರ ಬಂದು, ಏನು ತಿಂದೆ ಎಂದು ಕೇಳಿದಳು. ಅತ್ತಿಕಾಯಿಯಿಂದ ಶುರುವಾದ ಮಾತು ಪ್ರವಾಹದವರೆಗೆ ಹೋಯಿತು. ಭಯ, ನಾಚಿಕೆ, ಸುಳ್ಳು ವ್ರತ, ಎಲ್ಲ ಹೇಳಿ ಮುರುಗ ಅತ್ತುಬಿಟ್ಟ.

ಅಜ್ಜಿ ನಗಲಿಲ್ಲ. "ಮಗಾ, ಈ ಪೊಟರೆಯ ಊಟ ಮಾಡದವರು ಈ ಕೆರೆಯಲ್ಲಿ ಯಾರಿದ್ದಾರೆ? ನನ್ನ ಚಿಪ್ಪು ಒಡೆದಾಗ ಬೇಸಿಗೆಯಿಡೀ ನಾನು ತಿಂದದ್ದು ಇಲ್ಲಿಯದೇ. ಈಗ ನಿನ್ನ ಸರದಿ, ಅಷ್ಟೇ."

"ನನಗೆ ಇನ್ನೆಂದೂ ನೀರಿಗಿಳಿಯಲು ಆಗದಿದ್ದರೆ, ಅಜ್ಜಿ?"

"ಮೊದಲು ಹೊಟ್ಟೆನೋವು ಹೋಗಲಿ, ಊಟ ಮಾಡು. ಆಮೇಲೆ ಇಬ್ಬರೂ ಸೇರಿ ಯೋಚಿಸೋಣ."

ಅಂದು ಸಂಜೆ ಮುರುಗ ಹೊಟ್ಟೆ ತುಂಬ ಮೀನು ತಿಂದ. ಮರುದಿನ ಮುಳ್ಳುಹಂದಿ ಬಂದು ಅವನ ಜೊತೆ ಸೇರಿ ದಡದಲ್ಲಿ ಹೊಸ ಬಿಲ ತೋಡಿತು. ಬೆಳಿಗ್ಗೆಯಾದರೆ ಚೆನ್ನಜ್ಜಿ ಅವನನ್ನು ಪಾದ ಮುಳುಗುವಷ್ಟು ನೀರಿಗೆ ಕರೆದೊಯ್ಯುತ್ತಿದ್ದಳು. ಅವನು ಅವಳ ಚಿಪ್ಪಿನ ಅಂಚು ಹಿಡಿದುಕೊಂಡು ನಿಲ್ಲುತ್ತಿದ್ದ. ನಡುಕ ಬಂದರೆ ಇಬ್ಬರೂ ದಡಕ್ಕೆ ಬಂದು ಬಿಸಿಲು ಕಾಯುತ್ತಿದ್ದರು. ಅವಸರ ಮಾಡು ಎಂದು ಯಾರೂ ಹೇಳಲಿಲ್ಲ. ದಿನ ಕಳೆದಂತೆ ನೀರು ಅವನ ಮೊಣಕಾಲಿಗೆ ಬಂತು, ಆಮೇಲೆ ಹೊಟ್ಟೆಗೆ ಬಂತು.

ಒಂದು ಬೆಳಿಗ್ಗೆ ಮಳೆ ನಿಂತಿತ್ತು. ದಡದ ಜೇಡಿಮಣ್ಣು ಬೆಣ್ಣೆಯಂತಾಗಿತ್ತು. ಬಿಲದಿಂದ ಹೊರಬಂದ ಮುರುಗ ಕಾಲು ಜಾರಿ ಸರ್ರನೆ ಇಳಿಜಾರಿನಲ್ಲಿ ಹೋಗಿ ಆಳದ ನೀರಿಗೆ ಬಿದ್ದ. ಮಿಂಚುಳ್ಳಿ ಕೊಂಬೆಯ ಮೇಲೆ ಕಲ್ಲಾಗಿ ಕುಳಿತಿತು. ಚೆನ್ನಜ್ಜಿ ಕತ್ತು ಚಾಚಿ ಚಾಚಿ ನೋಡಿದಳು. ನೀರಿನ ಮೇಲೆ ಬರೀ ಗುಳ್ಳೆಗಳು.

ಆಮೇಲೆ ಕೆರೆಯ ನಡುವೆ ಒಂದು ತಲೆ ಮೇಲೆದ್ದಿತು. ಬಾಯಲ್ಲಿ ಒದ್ದಾಡುವ ಮೀನು! ಮುರುಗನಿಗೇ ನಂಬಿಕೆ ಬರಲಿಲ್ಲ. ಈಜಿ ದಡಕ್ಕೆ ಬಂದ, ಮೀನನ್ನು ಅಜ್ಜಿಯ ಮುಂದಿಟ್ಟ, ಮೇಲಕ್ಕೆ ಓಡಿ ಹೋಗಿ ಬೇಕೆಂದೇ ಮತ್ತೆ ಜಾರಿದ.

ಆ ದಿನ ಕೆರೆಯಲ್ಲಿ ಯಾರೂ ಬೇರೆ ಕೆಲಸ ಮಾಡಲಿಲ್ಲ. ಕಪ್ಪೆಗಳು ಜಾರಿದವು, ಬಾತುಗಳು ಜಾರಿದವು. ಮುಳ್ಳುಹಂದಿ ಜಾರುವಾಗ ಮಾತ್ರ ಎಲ್ಲರೂ ದೂರ ನಿಂತರು. ಕೊನೆಗೆ ಚೆನ್ನಜ್ಜಿಯೂ ಅಂಗಾತ ಮಲಗಿ, ನಾಲ್ಕು ಕಾಲು ಮೇಲೆ ಮಾಡಿಕೊಂಡು, ದೋಣಿಯ ಹಾಗೆ ಜಾರಿ ಬಂದು ನೀರಿಗೆ ಬಿದ್ದಳು.

ನೀತಿ: ಕಷ್ಟ ಬಂದಾಗ ನೆರವು ಪಡೆಯುವುದು ಅವಮಾನವಲ್ಲ, ಹೊಟ್ಟೆಗೆ ಅನ್ನ ಕೊಟ್ಟು ಮನಸ್ಸಿಗೆ ಧೈರ್ಯ ಬರುವವರೆಗೂ ಜೊತೆಗಿರುವುದೇ ನಿಜವಾದ ನೆರವು.