ಕುಂಕುಮ ಬಣ್ಣದ ಗೆರೆ

“ಗುರುಗಳೇ, ಹನ್ನೊಂದು ವರ್ಷ ನಿಮ್ಮ ಹಾಗೆಯೇ ನಡೆದೆ, ನಿಮ್ಮ ಹಾಗೆಯೇ ನುಡಿದೆ. ಆದರೂ ನಾನೇಕೆ ನಿಮ್ಮ ಕಣ್ಣಿಗೆ ಬೀಳಲಿಲ್ಲ?”

ಕೇಳಿದವನು ಮಠದ ಹಿರಿಯ ಶಿಷ್ಯ. ಗುರುಗಳಿಗೆ ಮಾತಿಗೆ ಮೊದಲು ಎರಡು ಸಲ ಕೆಮ್ಮುವ ಅಭ್ಯಾಸವಿತ್ತು, ಇವನೂ ಕೆಮ್ಮುತ್ತಿದ್ದ. ಅವರ ಶಾಲು ಎಡ ಹೆಗಲ ಮೇಲಿದ್ದರೆ ಇವನದೂ ಎಡ ಹೆಗಲ ಮೇಲೆಯೇ. ಹೊಳೆಯಾಚೆಯ ಹೊಸ ಪಾಠಶಾಲೆಗೆ ತನ್ನನ್ನೇ ಕಳಿಸುತ್ತಾರೆಂದು ನಂಬಿಕೊಂಡಿದ್ದ. ಆ ದಿನ ಬೆಳಿಗ್ಗೆ ಗುರುಗಳು ಬೇರೊಬ್ಬನನ್ನು ಆರಿಸಿದ್ದರು. ಪಾಠದ ನಡುವೆ ಎದ್ದು ನಿಂತು, “ಇದು ನನಗೆ ಒಪ್ಪಿಗೆಯಿಲ್ಲ” ಎನ್ನುವ ಪೈಕಿ ಆ ಆಯ್ಕೆಯಾದವನು.

“ಮೊದಲು ಕೂತುಕೊ,” ಎಂದರು ಗುರುಗಳು. “ಮುಖ ಊದಿಸಿಕೊಂಡು ನಿಂತವನಿಗೆ ಕತೆ ಹೇಳಲು ನನಗೆ ಬರುವುದಿಲ್ಲ.” ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಹೆಸರು ಬಾಳವ್ವ ಎಂದಿಟ್ಟುಕೊ. ಆರು ಮಂದಿ ಗೆಳತಿಯರನ್ನು ಕೂಡಿಸಿಕೊಂಡು ಶೇಂಗಾ ಚಟ್ನಿಪುಡಿ ಕುಟ್ಟಿ ಮನೆಮನೆಗೆ ಮಾರುತ್ತಿದ್ದಳು. ಪೇಟೆಯ ದೊಡ್ಡ ಅಂಗಡಿಯವನು ಒಮ್ಮೆ ರುಚಿ ನೋಡಿ, ತನ್ನ ಕಪಾಟಿನಲ್ಲಿ ಒಂದು ಸಾಲು ಜಾಗ ಕೊಡಲು ಒಪ್ಪಿದ. ಏಳು ಹೆಂಗಸರಿಗೂ ಹಿಗ್ಗೋ ಹಿಗ್ಗು.

ಆದರೆ ಆ ಅಂಗಡಿಯಲ್ಲಿ ಬಾರ್‌ಕೋಡ್ ಇಲ್ಲದೆ ಒಂದು ಕಡ್ಡಿಪೆಟ್ಟಿಗೆಯೂ ಹೊರಗೆ ಹೋಗುವುದಿಲ್ಲ. ನೀನೂ ನೋಡಿದ್ದೀಯಲ್ಲ, ದಪ್ಪ ಗೆರೆ, ಸಣ್ಣ ಗೆರೆ. ಪ್ರತಿ ಸರಕಿಗೂ ಒಂದು ಸಂಖ್ಯೆ. ಆ ಸಂಖ್ಯೆಯೇ ಗೆರೆಗಳಾಗಿ ಕೂತಿರುತ್ತದೆ. ಬಾಳವ್ವ ತನ್ನ ಸಂಖ್ಯೆ ಪಡೆದು ಪ್ರೆಸ್ಸಿಗೆ ಹೋದಳು. ಪ್ರೆಸ್ಸಿನವನು ಕಪ್ಪು ಗೆರೆಯ ಮಾದರಿ ತೋರಿಸಿದ.

“ಮೊದಲನೇ ಮಾಲಿಗೆ ಯಾರಾದರೂ ಕರಿ ಗೆರಿ ಎಳೀತಾರೇನಣ್ಣಾ? ಕುಂಕುಮದ ಬಣ್ಣ ಹಾಕು,” ಎಂದಳು. ಎಲ್ಲರೂ ಕಪ್ಪೇ ಹಾಕಿಸುತ್ತಾರೆ ಎಂದು ಅವನು ಹೇಳಿ ನೋಡಿದ. ಬಾಳವ್ವ ಕೇಳುವವಳೇ? ಬಿಳಿ ಚೀಟಿಯ ಮೇಲೆ ಕೆಂಪು ಗೆರೆಗಳು ಬಂದವು. ನೋಡಲು ಚೆಂದವೇ ಇದ್ದವು, ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಸೋಮವಾರ ಮಾಲು ಕಪಾಟು ಸೇರಿತು. ಮೊದಲ ಗಿರಾಕಿ ಪೊಟ್ಟಣ ತಂದು ಕೌಂಟರಿನ ಮೇಲಿಟ್ಟ. ಅಲ್ಲಿದ್ದ ಹುಡುಗಿ ಸ್ಕ್ಯಾನರ್ ಹಿಡಿದಳು. ಸದ್ದಿಲ್ಲ. ತಿರುಗಿಸಿ ಹಿಡಿದಳು, ಒರೆಸಿ ಹಿಡಿದಳು. ಸದ್ದಿಲ್ಲ. ಹಿಂದೆ ಜನರ ಸಾಲು ಬೆಳೆಯಿತು. ಗಿರಾಕಿ ಬೇಸತ್ತು ಪೊಟ್ಟಣ ಅಲ್ಲೇ ಬಿಟ್ಟು ನಡೆದ. ಎರಡನೆಯವನೂ ಹಾಗೆಯೇ. ಅಂಗಡಿಯವನು ಬಾಳವ್ವನನ್ನು ಕರೆಸಿದ. “ಶನಿವಾರದೊಳಗೆ ಇದು ಮಷಿನ್ನಿಗೆ ಕಾಣಬೇಕು, ತಾಯಿ. ಇಲ್ಲವಾದರೆ ಆ ಜಾಗ ಬೇರೆಯವರಿಗೆ,” ಎಂದ.

ಬಾಳವ್ವ ಏನು ಮಾಡಿದಳು? ಬಣ್ಣ ಸಾಲದೆಂದು ಇನ್ನಷ್ಟು ಕೆಂಪು ಹಾಕಿಸಿದಳು. ಸ್ಕ್ಯಾನರ್ ಬಾಯಿ ಬಿಡಲಿಲ್ಲ.

ಗುರುವಾರ ಅವಳು ಹಟ ಹಿಡಿದು ಕೌಂಟರಿನ ಪಕ್ಕದಲ್ಲೇ ನಿಂತಳು. ಬಿಸ್ಕತ್ತಿಗೆ ಸದ್ದು, ಸಾಬೂನಿಗೆ ಸದ್ದು, ಪೊರಕೆಗೂ ಸದ್ದು. ಅವಳ ಹೊಟ್ಟೆ ಉರಿಯಿತು. ತಡೆಯಲಾರದೆ ಸ್ಕ್ಯಾನರಿನ ಬೆಳಕಿಗೆ ಅಂಗೈ ಒಡ್ಡಿದಳು. ಅಂಗೈ ಕೆಂಪಾಯಿತು. ಏನೋ ಹೊಳೆದ ಹಾಗಾಯಿತು. ತನ್ನ ಪೊಟ್ಟಣವನ್ನೂ ಒಂದು ಸಾಬೂನನ್ನೂ ಸೆರಗಿನ ಮರೆಯ ಕತ್ತಲಲ್ಲಿ ಹಿಡಿದು, “ತಂಗೀ, ಇವೆರಡರ ಮೇಲೂ ಬೆಳಕು ಬಿಡವ್ವಾ,” ಎಂದು ಬಗ್ಗಿ ನೋಡಿದಳು. ಸಾಬೂನಿನ ಕಪ್ಪು ಗೆರೆಗಳು ಎದ್ದು ಕಂಡವು. ತನ್ನ ಚೀಟಿಯಲ್ಲಿ ಗೆರೆಯೇ ಇರಲಿಲ್ಲ.

ಸ್ಕ್ಯಾನರಿನ ವಿದ್ಯೆ ಇಷ್ಟೇ ಕಣಯ್ಯಾ. ಅದು ಬೆಳಕು ಬಿಡುತ್ತದೆ. ಬಿಳಿ ಜಾಗ ಬೆಳಕನ್ನು ವಾಪಸು ಕೊಡುತ್ತದೆ, ಕಪ್ಪು ಗೆರೆ ನುಂಗಿಬಿಡುತ್ತದೆ. ಎಲ್ಲಿ ವಾಪಸು ಬಂತು, ಎಲ್ಲಿ ಬರಲಿಲ್ಲ, ಎಷ್ಟು ಅಗಲಕ್ಕೆ ಎಂಬುದರಿಂದಲೇ ಅದು ಸಂಖ್ಯೆ ಓದುತ್ತದೆ. ಆಮೇಲೆ ಸರಕಿನ ಹೆಸರು, ದರ ಹುಡುಕುವುದು ಕಂಪ್ಯೂಟರಿನ ಕೆಲಸ. ಆ ಸ್ಕ್ಯಾನರಿನ ಬೆಳಕು ಕೆಂಪು. ಬಾಳವ್ವನ ಕೆಂಪು ಗೆರೆ ಆ ಬೆಳಕನ್ನು ಬಿಳಿ ಕಾಗದದಷ್ಟೇ ಧಾರಾಳವಾಗಿ ಹಿಂದಿರುಗಿಸುತ್ತಿತ್ತು. ಯಂತ್ರದ ಪಾಲಿಗೆ ಅದು ಖಾಲಿ ಚೀಟಿ.

ಅವಳು ಪ್ರೆಸ್ಸಿಗೆ ಓಡಿದಳು. ಶುಕ್ರವಾರ ಕಪ್ಪು ಗೆರೆಯ ಚೀಟಿಗಳು ಬಂದಾಗ ಗೆಳತಿಯರು ಮುಟ್ಟಲು ಹಿಂಜರಿದರು. “ಕೂಸಿನ ಗಲ್ಲಕ್ಕ ಕರಿ ಬೊಟ್ಟು ಇಡೂದಿಲ್ಲೇನ್ರೇ? ಇದೂ ನಮ್ಮ ಕೂಸು. ಹಚ್ರಿ,” ಎಂದಳು. ಏಳೂ ಜನ ಹಗಲಿಡೀ ಕೂತು ಅಂಟಿಸಿದರು.

ಶನಿವಾರ ಅಂಗಡಿಯ ಬಾಗಿಲು ತೆರೆಯುವಾಗ ಏಳೂ ಹೆಂಗಸರು ಮುಂದೆ ನಿಂತಿದ್ದರು. ಹುಡುಗಿ ಸ್ಕ್ಯಾನರ್ ಎತ್ತಿದಳು. ಟೀಂಕ್ ಎಂದಿತು. ಪರದೆಯ ಮೇಲೆ ‘ಶೇಂಗಾ ಚಟ್ನಿಪುಡಿ’ ಎಂದು ಮೂಡಿತು. ಬಾಳವ್ವ ಅದನ್ನು ಎರಡು ಸಲ ಓದಿದಳು. “ಇನ್ನೊಮ್ಮಿ ಮಾಡವ್ವಾ, ಕೇಳೂಣು,” ಎಂದಳು. ಮತ್ತೆ ಟೀಂಕ್. ಗೆಳತಿಯರು ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಂಜೆಯೊಳಗೆ ಕಪಾಟಿನ ಸಾಲು ಬರಿದಾಯಿತು. ಅಂಗಡಿಯವನು ತಾನಾಗಿಯೇ ಬಂದು ಎರಡನೆಯ ಸಾಲನ್ನೂ ಕೊಟ್ಟ. ವರ್ಷ ತುಂಬುವುದರೊಳಗೆ ಆ ಪೊಟ್ಟಣವಿಲ್ಲದ ಅಂಗಡಿ ಆ ಪೇಟೆಯಲ್ಲಿರಲಿಲ್ಲ. ಗೆದ್ದಳು ಮಹಾತಾಯಿ. ಹೇಳುವಾಗ ನನಗೇ ಸಂತೋಷವಾಗುತ್ತದೆ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಎರಡು ಸಲ ಕೆಮ್ಮಿದ. ಎಡ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ. “ಅವಳು ಗೆದ್ದದ್ದು ನನಗೂ ಸಂತೋಷವೇ, ಗುರುಗಳೇ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ?”

“ನನ್ನ ಬಣ್ಣವನ್ನೇ ಬಳಿದುಕೊಂಡು ನನ್ನೆದುರು ನಿಂತರೆ, ನೀನು ನನಗೆ ಕಾಣುವುದು ಹೇಗೆ?”