ಸನ್ಮಾನದ ತಟ್ಟೆಯ ಹಿಂದಿನ ರೂಟರ್

ವಾಮನರಾಯರ ಶೋಕೇಸಿನಲ್ಲಿ, ಅವರು ನಿವೃತ್ತರಾದ ದಿನ ಸಿಕ್ಕ ಸನ್ಮಾನದ ಹಿತ್ತಾಳೆ ತಟ್ಟೆ ಎದೆಯುಬ್ಬಿಸಿ ನಿಂತಿತ್ತು. ಮೊರದಷ್ಟು ಅಗಲ. ಅದರ ಬೆನ್ನ ಹಿಂದೆ ವೈಫೈ ರೂಟರ್ ಮುದುರಿ ಕೂತಿತ್ತು.

"ತಟ್ಟೆಯವರೇ, ಸ್ವಲ್ಪ ಪಕ್ಕಕ್ಕೆ ಸರಿಯುತ್ತೀರಾ? ನನ್ನ ಸಿಗ್ನಲ್ ನಿಮಗೆ ಬಡಿದು ವಾಪಸ್ ಬರುತ್ತಿದೆ" ಎಂದಿತು ರೂಟರ್.

"ತಮ್ಮಾ, ಗಂಟಲು ಗಟ್ಟಿಯಿದ್ದರೆ ನಾನೇಕೆ ಸರಿಯಬೇಕು? ಜೋರಾಗಿ ಕೂಗು" ಎಂದಿತು ತಟ್ಟೆ.

ಒಳಕೋಣೆಯಲ್ಲಿ ರಾಯರ ಹೆಂಡತಿ ಇಂದುಮತಿ ಫೋನ್ ಮುಂದಿಟ್ಟುಕೊಂಡು ಆನ್‌ಲೈನ್ ಸಂಗೀತ ಪಾಠ ಹೇಳುತ್ತಿದ್ದರು. ಪಲ್ಲವಿ ಅರ್ಧಕ್ಕೇ ನಿಂತಿತು. ಪರದೆಯ ಮೇಲಿನ ಶಿಷ್ಯೆ ಬಾಯಿ ತೆರೆದುಕೊಂಡೇ ಕಲ್ಲಾದಳು. ಇದೇ ಕಾಟಕ್ಕೆ ಆಗಲೇ ಇಬ್ಬರು ಪಾಠ ಬಿಟ್ಟಿದ್ದರು.

ರಾಯರು ಓಡಿ ಬಂದು ಸ್ವಿಚ್ ಆರಿಸಿದರು, ಮತ್ತೆ ಹಾಕಿದರು, ರೂಟರಿನ ತಲೆಗೆ ಎರಡು ಮೊಟಕಿದರು.

"ರೀ, ಆ ತಟ್ಟೆ ತೆಗೆದು ನೋಡಬಾರದೇ?" ಎಂದರು ಇಂದುಮತಿ.

"ಮನೆಗೆ ಬಂದವರಿಗೆ ಮೊದಲು ಕಾಣಬೇಕಾದ್ದೇ ಅದು! ಈ ಡಬ್ಬಾನೇ ಸರಿಯಿಲ್ಲ" ಎಂದು ರಾಯರು ರೂಟರನ್ನು ಗುಜರಿಗೆ ಹಾಕಿ ಹೊಸದನ್ನು ತಂದರು. ನಾಲ್ಕು ಕೊಂಬಿನದು. ತಟ್ಟೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಫಳಫಳ ಹೊಳೆಸಿ, ಹೊಸ ರೂಟರನ್ನು ಅದರ ಹಿಂದೆಯೇ ಕೂರಿಸಿದರು.

ಸಂಜೆ ಪಾಠ ಶುರುವಾಯಿತು. ಪಲ್ಲವಿ ಮತ್ತೆ ಅರ್ಧಕ್ಕೇ ನಿಂತಿತು.

"ತಟ್ಟೆಯವರೇ, ಸ್ವಲ್ಪ ಪಕ್ಕಕ್ಕೆ..." ಎಂದು ಹೊಸ ರೂಟರ್ ಬಾಯಿ ತೆರೆಯಿತು.

"ಅಯ್ಯೋ ಪಾಪ," ಎಂದಿತು ತಟ್ಟೆ, ಹಿಂದಕ್ಕೆ ತಿರುಗಿಯೂ ನೋಡದೆ. "ಇವನಿಗೂ ಗಂಟಲಿಲ್ಲ."