ಹುಣಸೆಕಟ್ಟೆಯಲ್ಲಿ ಎತ್ತಿದ ಕೈ

ಅರ್ಧ ಖರ್ಚು ಊರವರು ಹೊತ್ತರೆ ಮಾತ್ರ ಮಕ್ಕಳಿಗೆ ಸೊಳ್ಳೆಜ್ವರದ ಲಸಿಕೆ ಬರುತ್ತದೆ ಎಂದು ನರ್ಸಮ್ಮ ಹೇಳಿದ್ದರು. ಕೂಲಿಯವರೆಲ್ಲ ಕೊಟ್ಟರೂ ಸಾಲದಾಯಿತು. ಪಂಚಾಯ್ತಿ ಅಧ್ಯಕ್ಷ ಚೌಡರೆಡ್ಡಿ ಮಾತ್ರ ಕಾಸು ಬಿಚ್ಚದೆ ಹುಣಸೆಕಟ್ಟೆಯ ಕುರ್ಚಿಯಲ್ಲಿ ಕೂತು, ಕಾಲಡಿ ಸೊಳ್ಳೆಬತ್ತಿ ಹಚ್ಚಿಸಿಕೊಂಡು, "ಸೊಳ್ಳೆಗೆ ಹೆದರೋ ವಂಶ ನಮ್ಮದಲ್ಲ" ಎಂದರು.

ಮಗಳನ್ನು ಸೊಂಟದಲ್ಲಿ ಹೊತ್ತಿದ್ದ ಮುನಿರತ್ನ ಮುಂದೆ ಬಂದಳು. "ಹಾಗಾದ್ರೆ ಈ ಬತ್ತಿ ಮಕ್ಕಳ ಹತ್ರ ಇರ್ಲಿ" ಎಂದು ಎತ್ತಿಕೊಂಡಳು. ಬೇಡ ಎನ್ನಲು ರೆಡ್ಡಿಯವರಿಗೆ ನಾಚಿಕೆ.

"ಇನ್ನು ಬಾಕಿ ದುಡ್ಡಿಗೆ ಹುಣಸೆ ಹರಾಜಿನ ಥರಾನೇ ಕೂಗೋಣ." ಎಂದಳು ಮುನಿರತ್ನ. "ಒಂದು ಸಲ ಕೈ ಎತ್ತಿದ್ರೆ ಐನೂರು. ಎತ್ತಿದ ಕೈ ವಾಪಸ್ಸಿಲ್ಲ ಅನ್ನೋದು ನಿಮ್ಮದೇ ಕಟ್ಟಳೆ."

"ಕೂಗ್ಕೋ, ಯಾರು ಎತ್ತುತ್ತಾರೋ ನೋಡೋಣ" ಎಂದು ರೆಡ್ಡಿಯವರು ನಕ್ಕರು.

ಹೊತ್ತು ಮುಳುಗಿತು. ಪಕ್ಕದ ಚರಂಡಿಯಿಂದ ಸೊಳ್ಳೆಗಳು ಎದ್ದವು. ರೆಡ್ಡಿಯವರ ಕೈ ಕಿವಿಗೆ ಹೋಯಿತು.

"ರೆಡ್ಡಿಯೋರದು ಐನೂರು."

ಕೈ ಬೋಳುತಲೆಗೆ ಹೋಯಿತು.

"ರೆಡ್ಡಿಯೋರದೇ ಇನ್ನೊಂದು ಐನೂರು."

"ಏಯ್, ಸೊಳ್ಳೆ ಕಚ್ತು ಕಣಮ್ಮ."

"ಅದಕ್ಕೆಲ್ಲ ನೀವು ಹೆದರಲ್ವಲ್ಲ, ಸ್ವಾಮಿ."

ರೆಡ್ಡಿಯವರು ಎರಡೂ ಕೈಗಳನ್ನು ತೊಡೆಯಡಿ ತುರುಕಿಕೊಂಡು ಕೂತರು. ಮೂಗಿನ ಮೇಲೊಂದು ಸೊಳ್ಳೆ ಬಂದು ಆರಾಮಾಗಿ ಕೂತಿತು. ಊರೆಲ್ಲ ಉಸಿರು ಬಿಗಿಹಿಡಿದು ಆ ಮೂಗನ್ನೇ ನೋಡಿತು.

"ಬಾಕಿಯೆಲ್ಲ ನಾನೇ ಕೊಡ್ತೀನಿ," ಎಂದರು ರೆಡ್ಡಿಯವರು ಕೊನೆಗೆ, "ಮೊದಲು ಆ ಬತ್ತಿ ತಾ."